ಲಟಿಕೆ ಬರದ ಬೆರಳುಗಳು

ದೃಷ್ಟಿ ಬೀಳುವಂಥ ರೂಪ ನನ್ನದು ಯಾವತ್ತೂ ಆಗಿರಲಿಲ್ಲ. ಒಣಕಲು ಮೈ, ಮುಂದೆ ಬಂದ ಹಲ್ಲು. ಆದರೂ ನಾನು ಸವಳಂಗದಿಂದ ಹೊರಟಾಗಲೆಲ್ಲ ದೊಡ್ಡಮ್ಮ ಬಾಗಿಲಲ್ಲಿ ನಿಲ್ಲಿಸಿಕೊಂಡು, ಎರಡೂ ಕೈಯಿಂದ ನನ್ನ ಕೆನ್ನೆ ಸವರಿ, ಬೆರಳು ಮಡಚಿ ತನ್ನ ಕಣತಲೆಗೆ ಒತ್ತಿ ಲಟಿಕೆ ಮುರಿಯುತ್ತಿದ್ದಳು. ಎಷ್ಟು ಬೆರಳು ಸದ್ದು ಮಾಡಿದರೆ ಅಷ್ಟು ಪ್ರೀತಿ ಎಂದು ನಮ್ಮ ಕಡೆ ಮಾತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನನ್ನು ಹೆರದಿದ್ದರೂ ಅವಳಿಗೆ ಈ ಹೆಗ್ಗಣ ಮುದ್ದಾಗಿತ್ತು. ಹತ್ತರಲ್ಲಿ ಎಂಟೋ ಒಂಬತ್ತೋ ಬಂದರೆ, “ಉಳಿದಿದ್ದು ಮುಂದಿನ ಸಲ ತೆಗೀತೀನಿ, ಬ್ಯಾಗ ಬಾ” ಅನ್ನುತ್ತಿದ್ದಳು.

ಹೈಸ್ಕೂಲು ಮುಗಿಯುವವರೆಗೆ ನಾನು ಬೆಳೆದದ್ದು ಅವಳ ಮನೆಯಲ್ಲೇ. ಮದುವೆಯಾಗಿ ಚನ್ನಗಿರಿಗೆ ಬಂದು, ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತ ಮೇಲೆ ಹೋಗಿಬರುವುದು ಕಡಿಮೆಯಾಯಿತು. ಹೊನ್ನಾಳಿಯಲ್ಲಿ ಒಂದು ಬಸ್ಸು, ನ್ಯಾಮತಿಯಲ್ಲಿ ಇನ್ನೊಂದು ಬಸ್ಸು ಬದಲಿಸಿ ಹೋಗಬೇಕು. ಅಂಗಡಿಯಲ್ಲಿ ಸೀರೆ ಮಡಚುತ್ತಾ ನಿಂತಾಗ ಎಷ್ಟೋ ಸಲ ಕೆನ್ನೆಗೆ ಅವಳ ಒರಟು ಅಂಗೈ ಬೇಕು ಅನ್ನಿಸುತ್ತಿತ್ತು. ಮಕ್ಕಳ ತಾಯಿಯಾದವಳು ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ?

ಹೋದ ವರ್ಷ ದಸರೆಗೆ ಹೋದಾಗ ದೊಡ್ಡಮ್ಮ ಲಟಿಕೆ ಮುರಿಯಲಿಲ್ಲ. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ “ಹುಷಾರಾಗಿ ಹೋಗು” ಅಂದಳು. ಮರೆತಿರಬೇಕು ಅಂದುಕೊಂಡೆ. ಸಂಕ್ರಾಂತಿಗೂ ಹಾಗೇ ಆಯಿತು. ಅಷ್ಟು ಹೊತ್ತಿಗೆ ಅವಳ ಮಗನಿಗೆ ಹೆಣ್ಣುಮಗು ಹುಟ್ಟಿತ್ತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. “ಮೊಮ್ಮಗಳು ಬಂದ ಮೇಲೆ ನಮಗೆಲ್ಲಿ ದೃಷ್ಟಿ ಬೀಳ್ತೈತೆ ಬಿಡು” ಎಂದು ಚುಚ್ಚಿಯೇ ಬಸ್ಸು ಹತ್ತಿದೆ. ಎರಡು ತಿಂಗಳು ನಾನು ಫೋನನ್ನೂ ಮಾಡಲಿಲ್ಲ.

ನನ್ನ ಸಿಟ್ಟು ಇಳಿಸಿದ್ದು ಅವಳ ಮಂಡಿ. ಕೂತು ಏಳುವಾಗ ಅದು ಲಟಕ್ ಅನ್ನುತ್ತದೆ, ಪಕ್ಕದ ಕೋಣೆಗೂ ಕೇಳುತ್ತದೆ ಎಂದು ಅವಳ ಸೊಸೆ ಫೋನಿನಲ್ಲಿ ಹೇಳಿದಳು. ರಜೆ ಹಾಕಿ ಹೋಗಿ ಅವಳನ್ನು ಹೊನ್ನಾಳಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಬಂದೆ.

ಡಾಕ್ಟರು ಮಂಡಿ ಮಡಚಿ, ಚಾಚಿ, ಒತ್ತಿ ನೋಡಿದರು. ನೋವಿಲ್ಲ ಅಂದಳು. “ಹಂಗಾದ್ರೆ ಈ ಸದ್ದಿಗೆ ಹೆದರಬ್ಯಾಡ್ರಿ” ಅಂದರು. “ಕೀಲೊಳಗೆ ಎಣ್ಣೆಯಂಥ ನೀರು ಇರ್ತೈತೆ. ಕೀಲು ಹಿಗ್ಗಿದಾಗ ಅದರಾಗೆ ಗಾಳಿಗುಳ್ಳೆ ಎದ್ದು ಸದ್ದು ಬರ್ತೈತೆ. ಎಲ್ಲರಿಗೂ ಬರ್ತೈತೆ. ಜೊತೆಗೆ ನೋವು, ಬಾವು ಇದ್ರೆ, ಕೀಲು ಬಿಸಿಯಾದ್ರೆ, ಇಲ್ಲಾ ಹಿಡ್ಕೊಂಡ್ರೆ ಆಗ ತೋರಿಸ್ರಿ.”

ನಾನು ಏಳುವುದರಲ್ಲಿದ್ದೆ. ದೊಡ್ಡಮ್ಮ ಹೆಸರು ಬರೆಸಿದ ಚೀಟಿಯನ್ನು ಬೆರಳಲ್ಲಿ ಹಿಡಿಯದೆ ಎರಡು ಅಂಗೈ ನಡುವೆ ಒತ್ತಿಕೊಂಡಿದ್ದಳು. ಡಾಕ್ಟರು ಅದನ್ನು ನೋಡಿದರು. “ಮುಷ್ಟಿ ಕಟ್ರಿ ಅಮ್ಮ.”

ಮುಷ್ಟಿ ಅರ್ಧಕ್ಕೇ ನಿಂತಿತು. ಬೆರಳ ಗೆಣ್ಣುಗಳೆಲ್ಲ ಊದಿಕೊಂಡಿದ್ದವು. ಕೇಳಿದಾಗ ಒಂದೊಂದೇ ಹೊರಬಂತು. ಬೆಳಿಗ್ಗೆ ಎದ್ದರೆ ಬೆರಳು ಕಟ್ಟಿಗೆಯಂತೆ ಬಿಗಿದಿರುತ್ತವೆ, ಸಡಿಲಾಗುವಾಗ ಹೊತ್ತು ಏರಿರುತ್ತದೆ. ಎರಡು ಕೈಯಲ್ಲಿ ರೊಟ್ಟಿ ತಟ್ಟುತ್ತಿದ್ದವಳು ಲಟ್ಟಣಿಗೆ ಹಿಡಿದಿದ್ದಳು. ಸಂಕ್ರಾಂತಿಯಲ್ಲಿ ಅದನ್ನು ಕಂಡು “ಪ್ಯಾಟೆಯವಳಾದೆ ನೋಡು” ಎಂದು ನಕ್ಕವಳೂ ನಾನೇ. ಇದು ಕೀಲುವಾತ, ಇನ್ನೂ ಮೊದಲೇ ತೋರಿಸಬೇಕಿತ್ತು ಅಂದರು ಡಾಕ್ಟರು. ರಕ್ತಪರೀಕ್ಷೆಗೆ ಬರೆದುಕೊಟ್ಟರು.

ನಾನು ಅವರನ್ನು ಕೇಳಿದೆ. “ನನಗೆ ಲಟಿಕೆ ಮುರಿದು ಮುರಿದೇ ಹಿಂಗಾಯ್ತೇನ್ರೀ?”

“ಲಟಿಕೆ ಪಾಪ ಏನು ಮಾಡ್ತೈತ್ರೀ? ಅದರಿಂದ ಈ ಬ್ಯಾನಿ ಬರಲ್ಲ” ಅಂದರು. “ಆದ್ರೆ ಬಾತಿರೋ ಬೆರಳನ್ನು ಈಗ ಜುಲುಮೆ ಮಾಡಿ ಮುರೀಬ್ಯಾಡ್ರಿ.”

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಕೇಳಿದೆ. “ನನಗೆ ಯಾಕೆ ಹೇಳಲಿಲ್ಲ?”

“ಮಂಡಿ ಸದ್ದು ಮಾಡ್ತಿತ್ತು, ಎಲ್ಲರಿಗೂ ಗೊತ್ತಾತು. ಇವು ಸುಮ್ಮನಿದ್ವು” ಅಂದಳು. “ದಸರೆ ದಿನ ನೀನು ತಲೆ ಬಾಚ್ಕೊಳ್ಳಾಗ ಒಳಗೆ ಹೋಗಿ ಮುರಿದು ನೋಡಿದೆ ಕಣೆ. ಒಂದೂ ಬರಲಿಲ್ಲ. ನಿನ್ನ ಮುಂದೆ ಹಂಗಾದ್ರೆ ದೊಡ್ಡಮ್ಮಗೆ ನನ್ನ ಮೇಲೆ ಪ್ರೀತಿ ಇಲ್ಲ ಅನ್ಕೊಂಡೀಯ ಅಂತ ಅಂಜಿಕೆ ಆತು.”

ನಾನು ಅಂದುಕೊಂಡದ್ದೂ ಅದನ್ನೇ. ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ, ಪಕ್ಕದಲ್ಲಿ ಜನ ಇದ್ದರೂ.

ಈಗ ಮಾತ್ರೆ ನಡೆದಿವೆ. ಬಾವು ಇಳಿದಿದೆ. ಸೊಟ್ಟಗಾದ ಎರಡು ಬೆರಳು ಹಾಗೇ ಇವೆ. ಹೋದ ತಿಂಗಳು ಹೊರಡುವಾಗ ನಾನೇ ಬಾಗಿಲಲ್ಲಿ ನಿಂತೆ, ಚಿಕ್ಕ ಹುಡುಗಿಯ ಹಾಗೆ. ದೊಡ್ಡಮ್ಮ ಕೆನ್ನೆ ಸವರಿದಳು. ಆಮೇಲೆ ನನ್ನ ಎರಡು ಕೈ ಹಿಡಿದು ತನ್ನ ಕಣತಲೆಗೆ ಇಟ್ಟುಕೊಂಡಳು.

“ನಿನ್ನವೇ ಮುರಿ.”

ಮುರಿದೆ. ಅವಳು ಕಣ್ಣು ಮುಚ್ಚಿ ಎಣಿಸುತ್ತಿದ್ದಳು.

“ಎಂಟು” ಅಂದಳು. “ಇನ್ನೂ ಎರಡು ಉಳಿದಾವೆ. ಬ್ಯಾಗ ಬಾ.”