ಕೆಸರಿಗೂ ಜಾಗ ಬೇಕು

ನನ್ನ ಹೆಂಡತಿ ಫಕೀರವ್ವನ ಬಗ್ಗೆ ಹೇಳಬೇಕೆಂದರೆ ಮೊದಲು ಅವಳ ಸೈಕಲ್ಲಿನ ಬಗ್ಗೆ ಹೇಳಬೇಕು. ಇಲ್ಲದಿದ್ದರೆ ಅವಳು ನನ್ನನ್ನು ಬಿಡುವುದಿಲ್ಲ. ಕಬ್ಬಿಣದ ಎತ್ತರದ ಗಂಡಸರ ಸೈಕಲ್, ಕ್ಯಾರಿಯರಿನ ಎರಡೂ ಬಾಜು ಹಾಲಿನ ಕ್ಯಾನು. ಸೀರೆಗೆ ಕಚ್ಚೆ ಹಾಕಿ ಅಂಥ ಸೈಕಲ್ ಹೊಡೆಯುವ ಹೆಂಗಸು ಗುಡಗೇರಿಯಲ್ಲಿ ಅವಳೊಬ್ಬಳೇ. ಮದುವೆಯಾಗಿ ಬಂದಾಗ ಸೈಕಲ್ ಮುಟ್ಟಿದವಳಲ್ಲ. ಸುಗ್ಗಿ ಮುಗಿದು ಖಾಲಿ ಬಿದ್ದ ಕಣದಲ್ಲಿ ಬಿದ್ದು ಎದ್ದು ಕಲಿತಳು. "ಹೆಣ್ಣಮಗಳು ಹಿಂಗ ಕಾಲು ಎತ್ತಿ ಹಾಕೂದೇನ?" ಎಂದು ನಮ್ಮವ್ವ ದಿನಾ ಬೈಯುತ್ತಿದ್ದಳು. ಮುಂದೆ ಅದೇ ಅವ್ವ ಅದೇ ಸೈಕಲ್ಲಿನ ಹಿಂದೆ ಕೂತು ದವಾಖಾನೆಗೆ ಹೋಗಿ ಬಂದಳು, ದಾರಿಯುದ್ದಕ್ಕೂ ಕಂಡಕಂಡವರನ್ನು ಮಾತಾಡಿಸುತ್ತ.

ಹಳ್ಳದಾಚೆ ಹೊಲದಲ್ಲೇ ಮನೆ ಮಾಡಿಕೊಂಡವರ ಎಮ್ಮೆ ಹಾಲನ್ನು ಮುಂಜಾನೆ ಕೂಡಿಸಿ ಊರಿನ ಡೇರಿಗೆ ಮುಟ್ಟಿಸುವುದು ಅವಳ ಕೆಲಸ. ದಾರಿ ಪೂರಾ ಎರೆ, ಅಂದರೆ ಕಪ್ಪು ಜಿಗುಟು ಮಣ್ಣು. ನಮ್ಮ ಎರೆಯ ಗುಣ ಹೊರಗಿನವರಿಗೆ ತಿಳಿಯದು. ಧೋ ಎಂದು ಮಳೆ ಸುರಿಯುವಾಗ ಅದು ಅಷ್ಟು ಕಾಡುವುದಿಲ್ಲ. ಮಳೆ ನಿಂತು ಒಂದಿಷ್ಟು ಬಿಸಿಲು ಬಿತ್ತೋ, ಆಗ ಅಂಟಿಕೊಳ್ಳುತ್ತದೆ ನೋಡಿ, ಬೇಡವೆಂದರೂ ಬಿಡದ ಬೀಗರ ಹಾಗೆ. ಗಾಲಿಗೆ ಸುತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಡಿಯನ್ನು ನಿಂತಲ್ಲೇ ನಿಲ್ಲಿಸಿಬಿಡುತ್ತದೆ. ಆಗ ಸೈಕಲ್ಲು ಮನುಷ್ಯನ ಹೆಗಲೇರುತ್ತದೆ. ಫಕೀರವ್ವ ಮಡ್‌ಗಾರ್ಡು ಕಿತ್ತೊಗೆದಿದ್ದಳು. ಮಳೆಗಾಲದಲ್ಲಿ ಕೈಯಲ್ಲೊಂದು ಕಟ್ಟಿಗೆ ಚೂರು ಹಿಡಿದು, ಕೆಸರು ಕೆರೆಯುತ್ತ, ನೂಕುತ್ತ ಬರುತ್ತಿದ್ದಳು. ಎಂಥ ಮಳೆಯಲ್ಲೂ ಅವಳ ಹಾಲು ತಪ್ಪಿದ್ದಿಲ್ಲ. ಇದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತದೆ. ಉಬ್ಬಲಿ ಬಿಡಿ, ನನ್ನ ಹೆಂಡತಿಯಲ್ಲವೇ.

ಈ ವರ್ಷ ಮಳೆಗಾಲ ಇನ್ನೇನು ಬಂತು ಎನ್ನುವಾಗ, ಯಾರದೋ ಟ್ರ್ಯಾಕ್ಟರು ಹಿಂದೆ ಸರಿಯುತ್ತ, ನಿಲ್ಲಿಸಿದ್ದ ಸೈಕಲ್ಲಿಗೆ ಗುದ್ದಿತು. ಮುಂದಿನ ಗಾಲಿ ಹಿಡಿದಿರುವ ಫೋರ್ಕು ಸೊಟ್ಟಾಯಿತು. ಬಡಿದು ನೆಟ್ಟಗೆ ಮಾಡಿಸೋಣ ಎಂದೆ. "ಒಮ್ಮೆ ಬಾಗಿದ್ದು ಮತ್ತ ಬಾಗ್ತೈತ್ರಿ. ಹಾಲು ಹೇರಿದಾಗ ನಡು ದಾರ್ಯಾಗ ಮುರದ್ರ?" ಎಂದು ನನ್ನ ಬಾಯಿ ಮುಚ್ಚಿಸಿದಳು. ಕ್ಯಾನು ತಲೆಯ ಮೇಲೆ ಹೊತ್ತು ನಡೆದಳು. ಒಂದೇ ಸಲಕ್ಕೆ ಎಲ್ಲ ಹಾಲು ಬರುವುದಿಲ್ಲ, ಡೇರಿಯ ಗಾಡಿ ಕಾಯುವುದಿಲ್ಲ. ಕಡೆಗೆ ಹಾಲು ಹಾಕುವವರಲ್ಲೊಬ್ಬನಾದ ಹಳ್ಳದಾಚೆಯ ಮಡಿವಾಳೆಪ್ಪ ಖಡಾಖಂಡಿತ ಹೇಳಿದ: "ನೋಡವಾ, ಸಂತಿ ಮರುದಿನ ನೀ ಹೊತ್ತಿಗೆ ಮುಟ್ಟಿಸಿದ್ರ ಛಲೋ. ಇಲ್ಲಾಂದ್ರ ಬೈಕ್ ಮ್ಯಾಲ ಹಾಲು ಒಯ್ಯಾವಗ ಹಾಕ್ತೀವಿ. ಹಾಲು ಒಡದ್ರ ನಾವೇನ್ ಮಾಡೂಣು?"

ಅವನ ಮಾತು ತಪ್ಪೇನಲ್ಲ. ಆದರೆ ಫಕೀರವ್ವ ಅವತ್ತು ಊಟ ಬಿಟ್ಟಳು. ಒಮ್ಮೆ ಬೇರೆಯವರ ಕ್ಯಾನಿಗೆ ಹೋದ ಹಾಲು ತಿರುಗಿ ಬರುವುದಿಲ್ಲ ಎಂದು ಅವಳಿಗೆ ಗೊತ್ತು.

ಕುಂದಗೋಳದ ಅಲ್ಲಾಸಾಬ ಕಾಕಾ ನಮ್ಮೂರ ಸಂತೆಗೆ ಸೈಕಲ್ ರಿಪೇರಿಗೆ ಬರುತ್ತಾನೆ. ಬೇರೆ ಫೋರ್ಕು ತರಲು ಅವನಿಗೆ ಫೋನು ಹಚ್ಚಿ ಅಳತೆ ಹೇಳಿದಳು. ಹ್ಯಾಂಡಲ್ ಕೆಳಗಿನ ಕೊಳವೆಯೊಳಗೆ ಹೋಗುವ ಪೈಪು ಒಂದು ಗೇಣು. ಗಾಲಿಗೂ ಫೋರ್ಕಿನ ನೆತ್ತಿಗೂ ನಡುವೆ ಎರಡು ಬೆರಳು ಜಾಗ. ಫೋಟೋ ಕಳಿಸು ಎಂದೆ. "ಫೋಟೋದಾಗ ಅಳತಿ ಹೆಂಗ ಗೊತ್ತಾಗತೈತ್ರಿ?" ಎಂದಳು.

ಸಂತೆಯಲ್ಲಿ ಅಲ್ಲಾಸಾಬ ಕಾಕಾ ಎರಡು ಫೋರ್ಕು ತಂದಿದ್ದ. ಒಂದು ಹೊಸದು, ಅಂಗಡಿಯ ಮಾಮೂಲಿ ಅಳತೆಯದು, ಮಿರಿಮಿರಿ ಮಿಂಚುತ್ತಿತ್ತು. ಪೈಪು ಹೇಳಿ ಮಾಡಿಸಿದಂತೆ ಕೂತಿತು. ಗಾಲಿಯೂ ಕೂತಿತು. ಮುಗೀತು, ಚಹಾ ಕುಡಿಯೋಣ ಎಂದು ನಾನು ಎದ್ದೆ. ಫಕೀರವ್ವ ಗಾಲಿಯ ಮೇಲೆ ಬೆರಳು ತೂರಿಸಿ ನೋಡಿದಳು. ಒಂದೇ ಬೆರಳು, ಅದೂ ತಿಣುಕಿ ಹೋಯಿತು.

"ಗಾಲಿಗೆ ಜಾಗ ಐತಿ ಕಾಕಾ. ಎರಿ ಕೆಸರಿಗೆ ಎಲ್ಲೈತಿ?"

ಇನ್ನೊಂದು ಸಾಮಾನು ಹೇರುವ ಸೈಕಲ್ಲಿನದು. ಹಳೆಯದು, ಕಪ್ಪು, ದಪ್ಪ, ಅಗಲ. ಅದರಲ್ಲಿ ಬೆರಳು ಆರಾಮ ಆಡಿದವು. ಗಾಲಿಯ ಎರಡೂ ಕಡೆ ವಾಷರು ಹಾಕಿದರೆ ಅಗಲದ್ದೂ ಹೊಂದುತ್ತಿತ್ತು. ಆದರೆ ಪೈಪು ಕೊಳವೆ ದಾಟಿ ಮೇಲೆ ಎದ್ದು ನಿಂತಿತು.

"ಒಂದು ಗೇಣು ಅಂದಿದ್ನಿ!" ಎಂದು ಫಕೀರವ್ವ ಸಿಟ್ಟಾದಳು.

"ಒಂದು ಗೇಣೇ ಐತೆವಾ," ಎಂದು ಅಲ್ಲಾಸಾಬ ಕಾಕಾ ಪೈಪಿನ ಮೇಲೆ ತನ್ನ ಕೈ ಹರವಿದ. ಮೊರದಂಥ ಕೈ. ಅವನ ಗೇಣಿಗೆ ಪೈಪು ಸರಿಯಾಗಿತ್ತು. ಇವಳು ತನ್ನ ಕೈ ಬಾಜು ಇಟ್ಟು ನೋಡಿ, ಸಿಟ್ಟು ಮರೆತು ನಕ್ಕಳು. ಬೆರಳನ್ನೂ ಅವನು ತನ್ನ ಬೆರಳಿಂದಲೇ ಅಳೆದಿದ್ದ. ಅದಕ್ಕೇ ಅಷ್ಟು ಅಗಲದ ಫೋರ್ಕು ಬಂದಿತ್ತು.

"ಉದ್ದ ಬಂದದ್ದು ಕೊಯ್ಯಾಕ ಬರ್ತೈತಿ, ಗಿಡ್ಡ ಬಂದಿದ್ರ ಏನೂ ಮಾಡಾಕ ಬರ್ತಿರಲಿಲ್ಲ," ಎಂದ ಕಾಕಾ. ಆಮೇಲೆ ಪೈಪಿನ ತುದಿ ತೋರಿಸಿದ. ನಟ್ಟು ತಿರುಗಿ ಕೂರುವ ಸುರುಳಿ ಗೆರೆ, ಅಂದರೆ ಥ್ರೆಡ್ಡು, ಮೇಲಿನ ತುದಿಯಲ್ಲಷ್ಟೇ ಇತ್ತು. ಕೊಯ್ದರೆ ಥ್ರೆಡ್ಡೂ ಹೋಗುತ್ತದೆ. "ಕೆಳಗ ಹೊಸಾದು ಹಾಕಬೇಕು. ಒಂದೀಟು ಸೊಟ್ಟ ಹೋತಂದ್ರ ಪೈಪು ಕೆಟ್ಟಂಗ. ಆ ಹೊಸಾ ಫೋರ್ಕು ಅಗದಿ ಬರೋಬರಿ ಕೂಡತೈತಿ, ಅದನ್ನ ಒಯ್ಯವಾ."

ನಾನೂ ಅದನ್ನೇ ಹೇಳಿದೆ. ಸಂತೆ ಮುಗಿಯುತ್ತ ಬಂದಿತ್ತು, ಮೋಡ ಕಟ್ಟಿತ್ತು. ಅಗಲದ ಫೋರ್ಕು ಕೆಟ್ಟರೆ ಅದರ ರೊಕ್ಕ ಕೊಟ್ಟ ಮೇಲೆ ಹೊಸದಕ್ಕೆ ಕೈಯಲ್ಲಿ ಉಳಿಯುವುದಿಲ್ಲ, ನಾಳೆಗೆ ಸೈಕಲ್ಲೇ ಇಲ್ಲ. ಫಕೀರವ್ವ ಒಂದು ಗಳಿಗೆ ಎರಡನ್ನೂ ನೋಡಿದಳು.

"ಅಗಲದ್ದ ಹಾಕ್ರಿ ಕಾಕಾ. ನೀವು ತಿರುವ್ರಿ, ನಾ ಸೊಟ್ಟ ಹೋಗದಂಗ ಹಿಡೀತೀನಿ."

ಎಣ್ಣೆ ಬಿಟ್ಟು ಕಾಕಾ ಥ್ರೆಡ್ಡು ಹಾಕುವ ಹತಾರು ತಿರುಗಿಸಿದ. ಇವಳು ಮಂಡಿಯೂರಿ ಪೈಪು ಹಿಡಿದಳು. ಅರ್ಧ ಸುತ್ತು ಮುಂದೆ, ಒಂದಿಷ್ಟು ಹಿಂದೆ, ಮತ್ತೆ ಮುಂದೆ. ಹನಿ ಬಿದ್ದವು. ನಾನು ಇಬ್ಬರ ಮೇಲೂ ತಾಡಪತ್ರಿ ಹಿಡಿದು ನಿಂತೆ. ಕಡೆಗೆ ಕಾಕಾ ಮೇಲಿನ ತುಂಡು ಗರಗಸದಿಂದ ಕೊಯ್ದು ನಟ್ಟು ಹಾಕಿದ. ನಟ್ಟು ಸರಾಗ ಇಳಿಯಿತು.

ರಾತ್ರಿ ಹೊಡೆದ ಮಳೆ ಬೆಳಗಿಗೆ ನಿಂತು ಬಿಸಿಲು ಬಂತು. ಇದಕ್ಕಿಂತ ಕೆಟ್ಟ ಮುಂಜಾನೆ ಇಲ್ಲ. ಫಕೀರವ್ವ ಆಗಲೇ ಹೋಗಿದ್ದಳು. ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಸಿಕ್ಕಿಬಿದ್ದರೆ ಎಳೆದು ತರೋಣ ಎಂದು ಜೋಡೆತ್ತು ಹೊಡೆದುಕೊಂಡು ಹಳ್ಳದ ಕಡೆ ಹೊರಟೆ. ಕೆಸರು ಮೆತ್ತಿ ನನ್ನ ಕಾಲುಗಳೇ ಮಣಭಾರವಾಗಿದ್ದವು.

ಹಳ್ಳ ಇಳಿಯುವಲ್ಲಿ ಅವಳು ಎದುರಾದಳು. ಮೊಣಕಾಲವರೆಗೆ ಕೆಸರು, ಕ್ಯಾನು ತುಂಬ ಹಾಲು. ಗಾಲಿ ಎರೆ ಸುತ್ತಿಕೊಂಡು ತೊಡೆಯಷ್ಟು ದಪ್ಪವಾಗಿತ್ತು, ಆದರೂ ತಿರುಗುತ್ತಿತ್ತು. ಕೆಸರು ಫೋರ್ಕಿನ ನಡುವೆ ಹಾದು ಹೆಂಟೆ ಹೆಂಟೆಯಾಗಿ ಕೆಳಗೆ ಬೀಳುತ್ತಿತ್ತು. ನಾನು ಹಗ್ಗ ಬಿಚ್ಚತೊಡಗಿದೆ. ಅವಳು ನಿಲ್ಲಲೇ ಇಲ್ಲ.

"ಬಾಜು ಸರೀರಿ, ಹಾಲು ಹೊಂಟೈತಿ!"

ದಾರಿ ಸಣ್ಣದು. ನಾನು ಎತ್ತುಗಳನ್ನು ಪಕ್ಕದ ಹೊಲಕ್ಕಿಳಿಸಿ, ಅವಳು ಹೋಗುವ ತನಕ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತೆ.