ಮೂವತ್ತೊಂದು ಗೆಲುವಿನ ಮೇಲಿನ ದೂರು

2022ರಲ್ಲಿ ನಾನು ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿಯ ಒಂದು ಸಣ್ಣ ವಿಡಿಯೋ ಗೇಮ್ ಕಂಪನಿಯಲ್ಲಿ ಪ್ಲೇಯರ್ ಸಪೋರ್ಟ್ ವಿಭಾಗದ ಮುಖ್ಯಸ್ಥನಾಗಿದ್ದೆ. ಮುಖ್ಯಸ್ಥ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ವಿಭಾಗದಲ್ಲಿದ್ದವರು ನಾನು ಮತ್ತು ಸಹನಾ ಎಂಬ ಸಹೋದ್ಯೋಗಿ, ಇಬ್ಬರೇ. ಕೆಳಗೆ ಸ್ಪ್ರಿಂಗ್ ತಯಾರಿಸುವ ವರ್ಕ್‌ಶಾಪ್, ಮೇಲಿನ ಮಹಡಿಯಲ್ಲಿ ನಾವು ಒಟ್ಟು ಒಂಬತ್ತು ಜನ. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ಓದುಗರ ಪತ್ರಗಳ ಅಂಕಣ ನೋಡಿಕೊಂಡಿದ್ದೆ. ಪತ್ರಿಕೆ ನಿಂತ ಮೇಲೆ ಈ ಕೆಲಸ ಸಿಕ್ಕಿತು. ಗೇಮ್ ಎಂದರೆ ಏನೆಂದೇ ಗೊತ್ತಿಲ್ಲದ ನನ್ನನ್ನು ಮಾಲೀಕರು ತೆಗೆದುಕೊಂಡದ್ದು ಒಂದೇ ಕಾರಣಕ್ಕೆ. ಜನ ಬರೆದದ್ದನ್ನು ತಾಳ್ಮೆಯಿಂದ ಓದುವವರು ಅವರಿಗೆ ಬೇಕಾಗಿತ್ತು. ಹಾಗೆ ಓದುತ್ತೇನೆಂದು ನನಗೂ ನಂಬಿಕೆಯಿತ್ತು.

ನಮ್ಮ ಆಟದ ಹೆಸರು ‘ಹನ್ನೆರಡು ಬಾಗಿಲು’. ಇಸ್ಪೀಟಿನಂತೆ ಎಲೆಗಳನ್ನು ಹಿಡಿದು ಆಡುವ ಕಂಪ್ಯೂಟರ್ ಆಟ. ಶುರುವಿನಲ್ಲಿ ಹತ್ತು ಸಾಧಾರಣ ಎಲೆ ಕೊಡುತ್ತೇವೆ. ಒಂದೊಂದು ಬಾಗಿಲಿನಲ್ಲೂ ಒಬ್ಬ ಎದುರಾಳಿ. ಅವನನ್ನು ಗೆದ್ದರೆ ಮೂರು ಹೊಸ ಎಲೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಹೀಗೆ ಕಟ್ಟು ಬೆಳೆಸಿಕೊಳ್ಳುವುದಕ್ಕೆ ಡೆಕ್ ಬಿಲ್ಡಿಂಗ್ ಎನ್ನುತ್ತಾರೆ. ಎಲ್ಲಿ ಸೋತರೂ ಗಳಿಸಿದ್ದೆಲ್ಲ ಹೋಗಿ, ಮತ್ತೆ ಮೊದಲ ಬಾಗಿಲು, ಮತ್ತೆ ಹತ್ತು ಎಲೆ. ಎದುರಾಳಿಗಳ ಕ್ರಮವೂ ಬದಲಾಗಿರುತ್ತದೆ. ಈ ಜಾತಿಯ ಆಟಕ್ಕೆ ರೋಗ್‌ಲೈಕ್ ಎಂದು ಹೆಸರು. ನಮ್ಮದು ಅದರಲ್ಲೂ ಕಷ್ಟದ ಆಟ.

ಆಟಗಾರರ ಅಭಿಪ್ರಾಯಗಳನ್ನೆಲ್ಲ ಓದಿ, ವಿಂಗಡಿಸಿ, ಪ್ರತಿ ಶನಿವಾರ ಒಂದು ಪುಟದ ವರದಿ ಕೊಡುವುದು ನನ್ನ ಕೆಲಸ. ‘ಹತ್ತನೇ ಬಾಗಿಲಿನವನಿಗೆ ಕರುಣೆಯೇ ಇಲ್ಲ’ ಎಂದು ಒಬ್ಬರು, ‘ಎಲ್ಲಾ ಅದೃಷ್ಟ, ಬುದ್ಧಿಗೆ ಬೆಲೆ ಇಲ್ಲ’ ಎಂದು ಇನ್ನೊಬ್ಬರು. ಸಾಗರದ ಕಡೆಯ ಒಬ್ಬರು ಬರೆದಿದ್ದರು: ‘ಎಂಬತ್ತು ಗಂಟೆ ಆಡಿದ್ದೇನೆ. ಕೆಟ್ಟ ಆಟ. ಇವತ್ತು ಸಂಜೆ ಮತ್ತೆ ಆಡ್ತೀನಿ.’ ಇಂಥವನ್ನು ಓದುವಾಗ ಪತ್ರಿಕೆಯ ದಿನಗಳು ನೆನಪಾಗಿ ಖುಷಿಯಾಗುತ್ತಿತ್ತು.

ಆ ವರ್ಷದ ಆಗಸ್ಟಿನಲ್ಲಿ ದೂರುಗಳ ರೀತಿಯೇ ಬದಲಾಯಿತು. ಅತಿ ಕಷ್ಟದ ಹಂತದಲ್ಲಿ ಸತತವಾಗಿ ಗೆದ್ದವರ ಪಟ್ಟಿಯೊಂದು ಆಟದಲ್ಲಿದೆ, ಅದೇ ಲೀಡರ್‌ಬೋರ್ಡ್. ಬೇಸಿಗೆಯವರೆಗೆ ಮೊದಲ ಸ್ಥಾನದಲ್ಲಿದ್ದವರು ಒಂಬತ್ತು ಸಲ ಗೆದ್ದಿದ್ದರು. ಆಮೇಲೆ ‘ಜಿಪಿ ಝೆರಾಕ್ಸ್ ಬಿಡಿವಿಟಿ’ ಎಂಬ ಹೆಸರು ಒಂದೊಂದೇ ಗೆಲುವು ಸೇರಿಸುತ್ತ ಮೇಲೆ ಬಂದು, ಈಗ ಸತತ ಮೂವತ್ತೊಂದು ಗೆಲುವು ತೋರಿಸುತ್ತಿತ್ತು. ಆಟಗಾರರು ಸೇರುವ ನಮ್ಮ ಚರ್ಚಾ ತಾಣದಲ್ಲಿ ಎಲ್ಲರೂ ಇದು ಮೋಸ ಎಂದರು. ಮೂರು ವಾರದಲ್ಲಿ ನೂರಕ್ಕೂ ಹೆಚ್ಚು ದೂರು ಬಂದವು. ಕ್ರಮ ತೆಗೆದುಕೊಳ್ಳದಿದ್ದರೆ ಆಟ ಬಿಡುತ್ತೇವೆ ಎಂದು ಹಳಬರು ಬರೆದರು.

ನಾನು ಆ ಖಾತೆಯ ಲಾಗ್ ತೆಗೆಸಿದೆ. ಯಾರು ಯಾವಾಗ ಆಟ ತೆರೆದರು, ಮುಚ್ಚಿದರು, ಯಾವ ಎಲೆ ಇಳಿಸಿದರು ಎಂಬ ದಾಖಲೆಗೆ ಲಾಗ್ ಎನ್ನುತ್ತಾರೆ. ಅದರ ಸಾರಾಂಶದ ಪುಟ ನೋಡಿದೊಡನೆ ನನಗೆ ಅನುಮಾನ ಉಳಿಯಲಿಲ್ಲ. ಬೇರೆಯವರು ಎರಡು ಗಂಟೆಯಲ್ಲಿ ಮುಗಿಸುವ ಆಟಕ್ಕೆ ಈ ಖಾತೆ ನಾಲ್ಕೈದು ದಿನ ತೆಗೆದುಕೊಂಡಿತ್ತು. ಒಂದೊಂದು ಬಾಗಿಲಿನ ನಡುವೆಯೂ ಹಲವು ಸಲ ಆಟ ಮುಚ್ಚಿ ತೆರೆದಿತ್ತು. ನಮ್ಮ ಆಟ ಬಾಗಿಲಿನ ಆರಂಭದಲ್ಲಿ ಮಾತ್ರ ಸೇವ್ ಆಗುತ್ತಿತ್ತು. ನಡುವೆ ಮುಚ್ಚಿ ತೆರೆದರೆ ಆ ಬಾಗಿಲು ಮೊದಲಿನಿಂದ ಶುರು, ಎಲೆಗಳು ಬರುವ ಕ್ರಮ ಮಾತ್ರ ಹಿಂದಿನದ್ದೇ. ಅಂದರೆ ಮುಂದೆ ಯಾವ ಎಲೆ ಬರುತ್ತದೆಂದು ನೋಡಿಕೊಂಡು, ಸೋಲುವಂತಿದ್ದರೆ ಮುಚ್ಚಿ, ಮತ್ತೆ ಬೇರೆ ರೀತಿ ಆಡಬಹುದು. ಇದು ಗೊತ್ತಿದ್ದ ಕಳ್ಳದಾರಿ.

ಪ್ರತಿ ಎಲೆಯ ವಿವರವಿದ್ದ ಪೂರ್ತಿ ಲಾಗ್ ಕೂಡ ನನ್ನ ಹತ್ತಿರವಿತ್ತು. ಅದನ್ನು ಸಾಲು ಸಾಲಾಗಿ ನೋಡಲು ಒಂದು ದಿನ ಬೇಕಿತ್ತು. ನಾನು ಅದನ್ನು ತೆರೆಯಲಿಲ್ಲ. ಶನಿವಾರದ ವರದಿಗೆ ಮುಂಚೆ ವಿಷಯ ಮುಗಿಸಬೇಕು ಎಂಬ ಅವಸರ ಒಂದು ಕಡೆ. ಇಷ್ಟೊಂದು ಜನ ಒಂದೇ ಮಾತು ಹೇಳುತ್ತಿದ್ದಾರೆ ಎಂಬ ಧೈರ್ಯ ಇನ್ನೊಂದು ಕಡೆ.

ಖಾತೆಯನ್ನು ಬ್ಯಾನ್ ಮಾಡಿದೆ. ಮೂವತ್ತೊಂದು ಗೆಲುವನ್ನೂ ಪಟ್ಟಿಯಿಂದ ಅಳಿಸಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಜನಕ್ಕೆ ಸಮಾಧಾನವಾಗಲಿ ಎಂದು ಚರ್ಚಾ ತಾಣದಲ್ಲಿ ಪ್ರಕಟಣೆ ಹಾಕಿದೆ. ಖಾತೆಯ ಹೆಸರನ್ನು ಪೂರ್ತಿ ಬರೆದು, ‘ಮೋಸದ ಆಟ ದೃಢಪಟ್ಟಿದೆ’ ಎಂದೆ. ಎರಡು ದಿನ ಹೊಗಳಿಕೆಯ ಸುರಿಮಳೆ. ಆ ಶನಿವಾರದ ವರದಿಯಲ್ಲಿ ‘ಅಭಿಪ್ರಾಯ ಸುಧಾರಿಸಿದೆ’ ಎಂದು ಬರೆದದ್ದು ಇವತ್ತಿಗೂ ನೆನಪಿದೆ.

ಮೂರನೇ ದಿನ ಆ ಖಾತೆಯಿಂದ ಒಂದು ಮೇಲ್ ಬಂತು, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ. ‘ಸರ್, ನಾನು ಮೋಸ ಮಾಡಿಲ್ಲ’ ಎಂಬ ಮೊದಲ ಸಾಲು ಓದಿದೆ. ಸಿಕ್ಕಿಬಿದ್ದವರೆಲ್ಲ ಹೀಗೇ ಶುರು ಮಾಡುವುದು. ಮುಂದೆ ಓದದೆ, ‘ನಿಮ್ಮ ಮನವಿಯನ್ನು ಪರಿಶೀಲಿಸಲಾಗಿದೆ, ನಿರ್ಧಾರ ಅಂತಿಮ’ ಎಂಬ ಸಿದ್ಧ ಉತ್ತರ ಕಳಿಸಿದೆ. ಪರಿಶೀಲಿಸಿರಲಿಲ್ಲ.

ಅದರ ಮರುವಾರ ಸಹನಾ ಬಂದು, ಆ ಖಾತೆಯ ಹೆಸರು ಭದ್ರಾವತಿಯ ಒಂದು ಝೆರಾಕ್ಸ್ ಅಂಗಡಿಯದಂತೆ, ಆಟಗಾರರು ಇಂಟರ್ನೆಟ್ ಮ್ಯಾಪಿನಲ್ಲಿ ಅದನ್ನು ಹುಡುಕಿ ಕೆಟ್ಟದಾಗಿ ಬರೆಯುತ್ತಿದ್ದಾರೆ ಎಂದಳು. ನಾವು ಏನಾದರೂ ಹೇಳಬೇಕಲ್ಲವೇ ಎಂದೂ ಕೇಳಿದಳು. ಅದು ನಮ್ಮ ತಾಣವಲ್ಲ, ನಮಗೆ ಸಂಬಂಧವಿಲ್ಲ ಎಂದೆ.

ಎಂಟು ತಿಂಗಳು ಕಳೆಯಿತು. ಆಟದ ನಡುವೆ ಎಲ್ಲಿ ನಿಲ್ಲಿಸಿದರೂ ಅಲ್ಲಿಂದಲೇ ಮುಂದುವರಿಯುವ ಸೌಲಭ್ಯ ಕೊಡಬೇಕೆಂದು ಕಂಪನಿ ತೀರ್ಮಾನಿಸಿತು. ನಮ್ಮ ಪ್ರೋಗ್ರಾಮರ್ ನಾಗೇಂದ್ರನಿಗೆ ಅದನ್ನು ಪರೀಕ್ಷಿಸಲು ತುಂಬಾ ಸಲ ಮುಚ್ಚಿ ತೆರೆದ ಲಾಗ್ ಬೇಕಿತ್ತು. ಅಂಥದ್ದು ಬೇಕಾದರೆ ಆ ಬ್ಯಾನ್ ಆದ ಖಾತೆ ತಗೋ ಎಂದು ನಾನೇ ಹೇಳಿದೆ. ಮಾರನೇ ದಿನ ಮಧ್ಯಾಹ್ನ ಅವನು ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಮೇಜಿಗೆ ಬಂದ.

“ಸರ್, ಇವರು ಮುಚ್ಚಿ ತೆರೆದಾಗಲೆಲ್ಲ ಮೊದಲು ಆಡಿದ ಎಲೆಗಳನ್ನೇ ಅದೇ ಕ್ರಮದಲ್ಲಿ ಮತ್ತೆ ಆಡಿದ್ದಾರೆ,” ಎಂದ. “ಮೋಸ ಮಾಡೋರು ಅದೇ ಆಟ ಯಾಕೆ ಆಡ್ತಾರೆ?”

ಕೊನೆಯ ಆರು ಆಟಗಳಲ್ಲಿ ನೂರ ನಲವತ್ತು ಸಲ ಮುಚ್ಚಿ ತೆರೆದಿತ್ತು. ನೂರ ಮೂವತ್ತೆಂಟು ಸಲ ಒಂದು ಎಲೆಯೂ ಬದಲಾಗಿರಲಿಲ್ಲ. ಉಳಿದ ಎರಡು ಸಲ ಬದಲಾಗಿತ್ತು, ಎರಡೂ ಸಲ ಮೊದಲಿಗಿಂತ ಹೆಚ್ಚು ಪೆಟ್ಟು ತಿಂದಿದ್ದರು. ಬೆಳಿಗ್ಗೆ ಒಂಬತ್ತೂವರೆಗೆ ಮೊದಲ ಬಾರಿ ತೆರೆದರೆ ಸಂಜೆ ಏಳಕ್ಕೆ ಕೊನೆ, ಭಾನುವಾರ ಪೂರ್ತಿ ಖಾಲಿ. ಅಂಗಡಿಯ ಹೊತ್ತು ಅದು. ಕಣ್ಣಿದ್ದವರಿಗೆ ಸಾರಾಂಶದ ಪುಟದಲ್ಲೇ ಕಾಣುತ್ತಿತ್ತು.

ಹಳೆಯ ಮೇಲ್ ಹುಡುಕಿ ತೆಗೆದೆ. ಎಂಟೇ ಸಾಲು. ಅಂಗಡಿಯಲ್ಲಿ ಇರುವುದು ಒಂದೇ ಕಂಪ್ಯೂಟರ್, ಗಿರಾಕಿ ಬಂದರೆ ಪ್ರಿಂಟ್ ಕೊಡಲು ಆಟ ಮುಚ್ಚಬೇಕು, ಮತ್ತೆ ತೆರೆದಾಗ ಬರೆದಿಟ್ಟುಕೊಂಡ ಹಾಗೇ ಆಡುತ್ತೇನೆ, ಬೇಕಾದರೆ ಪುಸ್ತಕದ ಫೋಟೋ ಕಳಿಸುತ್ತೇನೆ. ಕೊನೆಯ ಸಾಲಿನಲ್ಲಿ, ‘ನಂದು ಭದ್ರಾವತಿ ನ್ಯೂ ಟೌನ್, ನೀವು ಶಿವಮೊಗ್ಗ ಕಡೆಯವರು ಅಂತ ಕೇಳಿದೆ, ಬಂದು ನೋಡಬಹುದು’ ಎಂದಿತ್ತು. ಕೆಳಗೆ ಹೆಸರು, ಕಸ್ತೂರಿ. ಮೇಜಿನ ಮುಂದೆ ನಿಂತಿದ್ದ ನಾಗೇಂದ್ರನ ಮುಖ ನೋಡಲು ನನ್ನಿಂದಾಗಲಿಲ್ಲ.

ಮರುದಿನ ರಜೆ ಹಾಕಿ, ಶಿವಮೊಗ್ಗದ ಹೊಸಮನೆ ಬಡಾವಣೆಯ ನನ್ನ ಮನೆಯಿಂದ ಹೊರಟು ಭದ್ರಾವತಿ ಬಸ್ ಹತ್ತಿದೆ. ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚಿನ ದಾರಿ. ಎಂಟು ತಿಂಗಳಲ್ಲಿ ಮದುವೆ, ಗೃಹಪ್ರವೇಶ ಎಂದು ನಾಲ್ಕು ಸಲ ಭದ್ರಾವತಿಗೆ ಹೋಗಿ ಬಂದಿದ್ದೆ.

ಅಂಗಡಿ ಚಿಕ್ಕದು. ಕಸ್ತೂರಿ ಅವರಿಗೆ ಐವತ್ತು ದಾಟಿರಬೇಕು. ಕೌಂಟರ್ ಮುಂದೆ ವಯಸ್ಸಾದವರೊಬ್ಬರು ಪಿಂಚಣಿ ಅರ್ಜಿ ತುಂಬಿಸುತ್ತಿದ್ದರು. ಅವರು ಹೋಗುವವರೆಗೆ ಬೆಂಚಿನ ಮೇಲೆ ಕೂತಿದ್ದೆ. ಆಮೇಲೆ ನಾನು ಯಾರೆಂದು ಹೇಳಿ, ಬ್ಯಾನ್ ಮಾಡಿದವನೂ ಪ್ರಕಟಣೆ ಹಾಕಿದವನೂ ನಾನೇ, ಅದು ತಪ್ಪಾಗಿತ್ತು, ನಿಮ್ಮ ಮೇಲ್ ನಾನು ಓದಿಯೇ ಇರಲಿಲ್ಲ ಎಂದೆ. ಅವರು ಡ್ರಾಯರ್‌ನಿಂದ ಒಂದು ಉದ್ದ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಪುಟ ಪುಟದಲ್ಲೂ ಬಾಗಿಲಿನ ನಂಬರ್, ಇಳಿಸಿದ ಎಲೆಗಳ ಪಟ್ಟಿ.

“ಮುಚ್ಚಿ ತೆಗೆದ ಮೇಲೆ ಅದೇ ಆಟ ಆಡ್ಬೇಕಲ್ಲ ಸರ್, ಇಲ್ಲಾಂದ್ರೆ ಮೋಸ ಆಗುತ್ತೆ,” ಎಂದರು. “ಅದಕ್ಕೇ ಬರೆದಿಡ್ತಿದ್ದೆ. ಎರಡು ಸಲ ಬರೆಯೋಕೆ ಮರ್ತಿದ್ದೆ.”

ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವರ ತಂದೆ ಚಿಕ್ಕಂದಿನಲ್ಲೇ ರಮ್ಮಿ ಕಲಿಸಿದ್ದರಂತೆ. ಇಳಿದ ಎಲೆಗಳನ್ನು ನೆನಪಿಡುವುದು ಆಗಿನಿಂದ ಬಂದ ಅಭ್ಯಾಸ. ಗಿರಾಕಿಗಳ ನಡುವೆ ಬಿಡುವು ಸಿಕ್ಕಾಗ ಒಂದೊಂದು ಎಲೆಗೂ ಹತ್ತು ನಿಮಿಷ ಯೋಚಿಸುತ್ತಿದ್ದರಂತೆ. ನೀವು ಬ್ಯಾನ್ ಮಾಡಿದ ದಿನ ಮೂವತ್ತೆರಡನೇ ಆಟದ ಹನ್ನೊಂದನೇ ಬಾಗಿಲಲ್ಲಿದ್ದೆ, ಅದೂ ಗೆಲ್ಲುವ ಆಟವೇ ಆಗಿತ್ತು ಎಂದರು.

ಆಟ ಹೋದದ್ದಕ್ಕಿಂತ ಅಂಗಡಿಯ ವಿಷಯ ದೊಡ್ಡದಾಗಿತ್ತು. ಮ್ಯಾಪಿನಲ್ಲಿ ಅಂಗಡಿಯ ಹೆಸರಿನ ಕೆಳಗೆ ಇಪ್ಪತ್ತಾರು ಜನ ಒಂದೊಂದೇ ಸ್ಟಾರ್ ಕೊಟ್ಟು ‘ಮೋಸದವರು, ದಾಖಲೆ ಕೊಡಬೇಡಿ’ ಎಂದು ಬರೆದಿದ್ದರು. ಒಬ್ಬರೂ ಆ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಹತ್ತಿರದ ಒಂದು ಶಾಲೆ ಹನ್ನೊಂದು ವರ್ಷದಿಂದ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಇವರ ಹತ್ತಿರವೇ ಪ್ರಿಂಟ್ ಮಾಡಿಸುತ್ತಿತ್ತು. ಒಂದು ಪ್ರಶ್ನೆಯೂ ಹೊರಗೆ ಹೋಗಿರಲಿಲ್ಲ. ಯಾರೋ ಪೋಷಕರು ಈ ಬರಹಗಳನ್ನು ತೋರಿಸಿದ ಮೇಲೆ ಶಾಲೆ ಆ ಕೆಲಸ ನಿಲ್ಲಿಸಿತು. ಕಾರಣ ಹೇಳಲಿಲ್ಲ, ಪ್ರಶ್ನೆಪತ್ರಿಕೆಯ ಕವರ್ ಬರುವುದು ನಿಂತಿತು, ಅಷ್ಟೇ.

ನಾನು ಕ್ಷಮೆ ಕೇಳಿದೆ. ಅವರು ಕ್ಷಮಿಸಿದೆ ಎನ್ನಲಿಲ್ಲ, ಬಯ್ಯಲೂ ಇಲ್ಲ.

“ಆವತ್ತೇ ಒಂದು ಫೋನ್ ಮಾಡಿದ್ರೆ ಆಗ್ತಿತ್ತು ಸರ್,” ಎಂದರು. “ಬೋರ್ಡ್ ಮೇಲೇ ನಂಬರ್ ಇದೆ.”

ಅಲ್ಲಿಂದ ನೇರವಾಗಿ ಆ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಸೌಜನ್ಯದಿಂದ ಕೂರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿದರು. ಕಸ್ತೂರಿಯವರ ಮೇಲೆ ತಮಗೆ ಎಂದೂ ಅನುಮಾನವಿರಲಿಲ್ಲ, ಆದರೆ ಆಡಳಿತ ಮಂಡಳಿ ಈಗ ಶಾಲೆಯಲ್ಲೇ ಯಂತ್ರ ಹಾಕಿಸಿದೆ, ಇನ್ನು ಕೆಲಸ ಹೊರಗೆ ಹೋಗುವುದಿಲ್ಲ ಎಂದರು. ನಾನು ಅಲ್ಲೇ ಕೂತು ಬರೆದುಕೊಟ್ಟ ಪತ್ರವನ್ನು ಫೈಲಿಗೆ ಸೇರಿಸಿಕೊಂಡರು. ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆಫೀಸಿನಲ್ಲಿ ಮಾಲೀಕರು ಬ್ಯಾನ್ ತೆಗೆಯಲು ಒಪ್ಪಿದರು, ಗೆಲುವುಗಳನ್ನು ಪಟ್ಟಿಗೆ ಮರಳಿ ಸೇರಿಸಲೂ ಒಪ್ಪಿದರು. ಪ್ರಕಟಣೆ ಮಾತ್ರ ಬೇಡ ಎಂದರು. ತಪ್ಪು ಒಪ್ಪಿಕೊಂಡರೆ ಹಿಂದೆ ಬ್ಯಾನ್ ಆದವರೆಲ್ಲ ಎದ್ದು ಕೂರುತ್ತಾರೆ ಎಂಬುದು ಅವರ ವಾದ. ನಾನು ಹೂಂ ಎಂದೆ. ಇಲ್ಲಿಯೂ ಹೂಂ ಎಂದೆ ಎಂಬುದನ್ನು ಮುಚ್ಚಿಡಬಾರದು. ಹನ್ನೆರಡು ದಿನ ಹಾಗೇ ಬಿಟ್ಟಿದ್ದೆ. ಆಮೇಲೆ, ಒಪ್ಪದಿದ್ದರೆ ಕೆಲಸ ಬಿಡುತ್ತೇನೆ ಎಂದು ಮಾಲೀಕರಿಗೆ ಹೇಳಿ, ಅದೇ ಚರ್ಚಾ ತಾಣದಲ್ಲಿ ನನ್ನ ಹೆಸರು ಹಾಕಿಯೇ ಬರೆದೆ. ಲಾಗ್ ಏನು ಹೇಳುತ್ತದೆ, ನಾನು ಏನನ್ನು ನೋಡಲಿಲ್ಲ, ಯಾರ ಪತ್ರ ಓದಲಿಲ್ಲ, ಎಲ್ಲವನ್ನೂ ಬರೆದೆ. ಆರೋಪದ ಪ್ರಕಟಣೆಯನ್ನು ನಾಲ್ಕು ಸಾವಿರ ಜನ ಓದಿದ್ದರು. ಇದನ್ನು ಓದಿದವರು ಮುನ್ನೂರು. ಅಂಗಡಿಯ ಮೇಲೆ ಬರೆದವರಲ್ಲಿ ಒಂಬತ್ತು ಜನ ತಮ್ಮ ಮಾತು ಅಳಿಸಿದರು. ಉಳಿದ ಹದಿನೇಳು ಈಗಲೂ ಅಲ್ಲೇ ಇವೆ. ಕಸ್ತೂರಿ ಅವರು ಮತ್ತೆ ಆಟ ತೆರೆಯಲಿಲ್ಲ. ಒಮ್ಮೆ ಫೋನಿನಲ್ಲಿ ಕೇಳಿದ್ದಕ್ಕೆ, ಈಗ ಎಲೆ ಇಳಿಸುವಾಗ ಯಾರೋ ಹಿಂದೆ ನಿಂತು ನೋಡಿದ ಹಾಗೆ ಆಗುತ್ತೆ ಸರ್, ಬೇಡ ಎಂದರು.

ಕಳೆದ ವರ್ಷ ನಾನು ಆ ಕೆಲಸ ಬಿಟ್ಟೆ. ನನ್ನ ಜಾಗಕ್ಕೆ ಸಹನಾ ಬಂದಳು. ಬಿಡುವ ಮೊದಲು ಹೊಸಬರಿಗಾಗಿ ಇಬ್ಬರೂ ಸೇರಿ ಕೆಲಸದ ಕೈಪಿಡಿ ಬರೆಯುವಾಗ, ದೂರಿಗೆ ಒಳಗಾದವರ ಪತ್ರವನ್ನು ಕೊನೆಯ ಸಾಲಿನವರೆಗೆ ಓದಬೇಕು, ಆಮೇಲೆ ಅವರಿಗೆ ಫೋನ್ ಮಾಡಬೇಕು ಎಂದು ಮೊದಲ ಪುಟದಲ್ಲೇ ಹಾಕಿಸಿದೆ. ಇಷ್ಟು ಸಣ್ಣದನ್ನೂ ಬರೆಯಬೇಕಾ ಎಂದು ಹೊಸದಾಗಿ ಸೇರಿದ ಒಬ್ಬರು ಕೇಳಿದರು. ಸಹನಾ ನನ್ನ ಕಡೆ ನೋಡಿದಳು. ಬೇಕು ಎಂದೆ. ಇಪ್ಪತ್ತು ವರ್ಷ ಜನರ ಪತ್ರ ಓದಿಯೇ ಜೀವನ ಮಾಡಿದವನಿಗೆ ಅದು ಗೊತ್ತಿರಲಿಲ್ಲ ಎಂದು ಅವರಿಗೆ ಹೇಳಿದೆ.