ಕಿಂಡಿಯೊಳಗ ಚಾಚಿದ ಕೈ

ಬಾಗಲಕೋಟಿಗೆ ಹತ್ತಿ ಬಿಡಸೂ ಯಂತ್ರ ಹೊಸದಾಗಿ ಬಂದಿತ್ತು. ನಾನೂ ಆ ಕಾರಖಾನಿಗೆ ಕೆಲಸಕ್ಕ ಹೋಗ್ತಿದ್ದೆ. ದಿನಾ ಮುಂಜಾನಿ ಕಾರಕೂನ ಮಾರಿ ಕಾಣದ, ಕೈ ಅಷ್ಟ ಹಿಡಿಸೂ ಸಣ್ಣ ಕಿಂಡಿಯೊಳಗಿಂದ ಹಾಜರಿ ಬಿಲ್ಲಿ ಕೊಡ್ತಿದ್ದ. ನನ್ನ ಪಾಳಿ ಬಂತಂದ್ರ ಬಿಲ್ಲಿ ಕೊಡೂದು ಬಿಟ್ಟು ಕೈ ಹಿಡದು ಸವರತಿದ್ದ. ಕೆಲಸ ಬಿಟ್ರ ಮನಿಯೊಳಗ ಒಲಿ ಹತ್ತೂದಿಲ್ಲ ಅಂತ ಎರಡು ತಿಂಗಳು ತಡಕೊಂಡೆ. ಕಡೀಕ ಅಳಕೋತ ಕೂಲಿಯವರ ಮ್ಯಾಲ ಇದ್ದ ನಮ್ಮ ಮುಕಾದಮ ಹುಸೇನಸಾಹೇಬರಿಗೆ ಹೇಳಿದೆ. ‘ನೀನ ನಕ್ಕು ಸಲಿಗಿ ಕೊಟ್ಟಿರಬೇಕು’ ಅಂತಾರೇನೋ ಅಂತ ಅಂಜಿಕಿ ಇತ್ತು. ಅವರು ಎಲ್ಲಾ ಕೇಳಿ, "ನಾಳೆ ನಿನ್ನ ಜೋಡಿ ನಾ ನಿಲ್ತೇನವ್ವಾ" ಅಂದ್ರು.

ಮರುದಿನ ನಾ ಕಿಂಡಿ ಮುಂದ ನಿಂತು ಹೆಸರು ಹೇಳಿದೆ. ಸಾಹೇಬರು ಬಗ್ಗಿ ತಮ್ಮ ಕೈ ಒಳಗ ಚಾಚಿದ್ರು. ಕಾರಕೂನ ಹಿಡದು ಸವರಿ, "ಇವತ್ತ ಯಾಕ ಇಷ್ಟು ಒರಟ ಆಗೇತಿ?" ಅಂದ.

"ಮೂವತ್ತು ವರ್ಷ ಹತ್ತಿ ಅಂಡಿಗಿ ಹೊತ್ತ ಕೈ ಐತ್ರಿ, ಕಾರಕೂನರ," ಅಂದು ಸಾಹೇಬರು ಅವನ ಕೈ ಗಟ್ಟಿ ಹಿಡದು ಮಾಲಕರು ಬರೂತನಕ ಬಿಡಲಿಲ್ಲ. ನಾವು ಹೆಣ್ಮಕ್ಕಳು ಸೆರಗು ಬಾಯಿಗಿಟ್ಟು ನಕ್ಕಿದ್ದ ನಕ್ಕಿದ್ದು.

ಮಾಲಕರು ಅವನನ್ನ ಎತ್ತಿನ ಕೊಟ್ಟಿಗಿ ನೋಡಾಕ ಹಾಕಿದ್ರು. ಎತ್ತು ನನ್ನಂಗ ಎರಡು ತಿಂಗಳು ಸುಮ್ಮನ ಇರಲಿಲ್ಲ. ಮೊದಲನೇ ದಿನಾನ ಒದ್ದಿತಂತ.